ಲೀಷನ್ ಕಾಣದ ನರಿ

‘ಲೀಷನ್ ಇಲ್ಲದ ನರಿಗೆ ಪಿಸಿಆರ್ ದಂಡ’ ಅಂತ ನಮ್ಮ ಮೇಲಿನವರು ಮೀಟಿಂಗ್‌ನಲ್ಲಿ ಹೇಳಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಲೀಷನ್ ಅಂದರೆ ಅಂಗದಲ್ಲಿ ಕಣ್ಣಿಗೆ ಕಾಣುವ ರೋಗದ ಗುರುತು. ಪಿಸಿಆರ್ ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಟೆಸ್ಟ್.

ನಾನಿರುವುದು ಫ್ರಾನ್ಸಿನ ಒಂದು ಪಶುವೈದ್ಯ ಲ್ಯಾಬ್‌ನಲ್ಲಿ. ದನದ ಟಿಬಿಯಿಂದ ಮುಕ್ತ ಅಂತ ಈ ದೇಶಕ್ಕೆ 2001ರಲ್ಲೇ ಮಾನ್ಯತೆ ಸಿಕ್ಕಿದೆ. ಆದರೂ ನೈಋತ್ಯದ ದೋರ್ದೋನ್ ಜಿಲ್ಲೆಯ ಕಡೆಯ ಫಾರ್ಮುಗಳಲ್ಲಿ ರೋಗ ಮತ್ತೆ ಮತ್ತೆ ತಲೆ ಎತ್ತುತ್ತಿದೆ. 2011ರಿಂದ ಸಿಲ್ವಾಟ್ಯೂಬ್ ಹೆಸರಿನಲ್ಲಿ ಕಾಡುಪ್ರಾಣಿಗಳ ತಪಾಸಣೆ ನಡೆಯುತ್ತಿದೆ. ಜಾಸ್ತಿ ಗಮನ ಬಿಲದಲ್ಲಿ ವಾಸಿಸುವ ಬ್ಯಾಡ್ಜರ್ ಎಂಬ ಪ್ರಾಣಿಗೆ ಮತ್ತು ಕಾಡುಹಂದಿಗೆ. ನರಿಯನ್ನು ಬಹಳ ಕಾಲ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅವತ್ತಿನ ನರಿ ಸೋಂಕಿದ್ದ ಫಾರ್ಮಿನ ಪಕ್ಕದ್ದು. ಮೈನಸ್ 80 ಡಿಗ್ರಿಯ ಫ್ರೀಜರ್‌ನಿಂದ ಹೊರಬಂದಿತ್ತು. ನರಿಯ ಕರುಳಿನಲ್ಲಿರಬಹುದಾದ, ಮನುಷ್ಯರಿಗೂ ಅಂಟುವ ಎಕಿನೊಕಾಕಸ್ ಹುಳದ ಮೊಟ್ಟೆಯ ಭಯಕ್ಕೆ ಹಾಗೆ ಇಡಲೇಬೇಕು, ಮೈನಸ್ 20 ಸಾಲದು. ಇರುವ ಒಂದೇ ಫ್ರೀಜರ್ ಸದಾ ತುಂಬಿರುತ್ತದೆ. ಇನ್ನೊಂದು ಕೇಳಿದರೆ ಬಜೆಟ್ ಇಲ್ಲ.

ಸುರಕ್ಷತಾ ಕ್ಯಾಬಿನೆಟ್‌ನಲ್ಲಿ ನರಿಯ ಹೊಟ್ಟೆ ತೆರೆದೆ. ಕರುಳಿನ ಲಿಂಫ್ ನೋಡ್ (ಸೋಂಕಾದರೆ ರೋಗಾಣು ಸೇರುವ ಗ್ರಂಥಿ) ಅವರೆಕಾಳಿನಷ್ಟು, ನುಣ್ಣಗೆ, ತಿಳಿ ಕಂದು. ತೆಳ್ಳಗೆ ಹೆಚ್ಚಿ ನೋಡಿದೆ. ಕೀವಿಲ್ಲ. ಬ್ಲೇಡಿಗೆ ಸುಣ್ಣದ ಹರಳು ಕರಕರ ಅನ್ನಲಿಲ್ಲ. ಶ್ವಾಸಕೋಶವೂ ಸ್ವಚ್ಛ. ನೆಗೆಟಿವ್ ಅಂತಲೇ ನನಗೂ ಅನ್ನಿಸಿತ್ತು. ಆದರೂ ಗಂಟಲು ಮತ್ತು ಎದೆಯ ನೋಡ್‌ಗಳನ್ನು ಬೆರೆಸಿ ಒಂದೇ ಸ್ಯಾಂಪಲ್ ಮಾಡಿ, ಕರುಳಿನದನ್ನು ಬೇರೆಯಾಗಿ ಪಿಸಿಆರ್‌ಗೆ ಹಾಕಿದೆ. ಸೋಂಕಿದ ಮಾಂಸ ತಿಂದಿದ್ದರೆ ಸುಳಿವು ಸಿಗುವುದು ಅಲ್ಲೇ ಅಲ್ವಾ?

ರನ್ ಮುಗಿಯುವ ಹೊತ್ತಿಗೆ ಕರುಳಿನ ಟ್ಯೂಬಿನ ಗೆರೆ ಮೆಲ್ಲಗೆ ಮೇಲೆದ್ದಿತು. ಎನ್‌ಟಿಸಿ, ಅಂದರೆ ಡಿಎನ್‌ಎ ಹಾಕದ ಹೋಲಿಕೆಯ ಟ್ಯೂಬ್, ಪೂರ್ತಿ ಚಪ್ಪಟೆ. ಯಾರೂ ಮಾತಾಡಲಿಲ್ಲ. ಹೊಸದಾಗಿ ಡಿಎನ್‌ಎ ತೆಗೆದು ರಿಪೀಟ್ ಹಾಕಿದೆವು. ಮತ್ತೆ ಪಾಸಿಟಿವ್.

ಮೇಲಿನವರು ಆಗಲೂ ಒಪ್ಪಲಿಲ್ಲ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದು ಬರಲಿ ಅಂದರು. ದನದ ಟಿಬಿ ತರುವ ಬೋವಿಸ್ ಬ್ಯಾಕ್ಟೀರಿಯಾ ಸಾವಕಾಶ ಬೆಳೆಯುವ ಜೀವಿ, ತಿಂಗಳುಗಟ್ಟಲೆ ಕಾಯಿಸುತ್ತದೆ. ಗ್ಲಿಸರಾಲ್ ಅದಕ್ಕೆ ಒಗ್ಗುವುದಿಲ್ಲ, ಪೈರುವೇಟ್ ಇರುವ ಮೀಡಿಯಾ (ಬೆಳೆಸುವ ಆಹಾರ) ಬೇಕು. ಮೊದಲೇ ಹೆಪ್ಪುಗಟ್ಟಿ ಕರಗಿದ ಅಂಗಾಂಶ, ಎಷ್ಟು ಬ್ಯಾಕ್ಟೀರಿಯಾ ಬದುಕಿರುತ್ತದೋ ಹೇಳಲಾಗದು. ಕೊನೆಗೂ ಬೆಳೆಯಿತು. ಸ್ಪಾಲಿಗೋಟೈಪ್, ಅಂದರೆ ತಳಿ ಗುರುತಿಸುವ ಡಿಎನ್‌ಎ ನಮೂನೆ, ಆ ಫಾರ್ಮಿನ ಹಸುಗಳಲ್ಲಿ ಸಿಕ್ಕಿದ್ದೇ.

ನರಿ ಹಸುವಿಗೆ ಕೊಟ್ಟಿತೋ, ಹಸುವಿನದು ನರಿಗೆ ಬಂತೋ, ಒಂದು ನರಿಯಿಂದ ತೀರ್ಮಾನಿಸಲಾಗದು. ಆದರೆ ಸೋಂಕಿದ ನರಿಗಳ ಮಲದಲ್ಲೂ ಬೋವಿಸ್ ಡಿಎನ್‌ಎ ಸಿಕ್ಕಿದೆ. ಮಂದೆಯನ್ನೇ ಕಸಾಯಿಖಾನೆಗೆ ಕಳಿಸಬೇಕಾಗಿ ಬರುವ ರೈತನಿಗೆ ಸುತ್ತ ಏನಿದೆ ಅಂತ ಗೊತ್ತಾಗಲೇಬೇಕು. ಟೆಸ್ಟಿನ ಖರ್ಚು ಉಳಿಸಲು ಕಣ್ಣಂದಾಜಿನಲ್ಲಿ ‘ನೆಗೆಟಿವ್’ ಅಂತ ಬರೆಯುವುದು ಅವನಿಗೆ ಮಾಡುವ ಅನ್ಯಾಯ.

ಈಗ ಲೀಷನ್ ಇರಲಿ ಬಿಡಲಿ, ಪ್ರತಿ ನರಿಯ ಕರುಳಿನ ನೋಡ್ ಪಿಸಿಆರ್‌ಗೆ ಹೋಗುತ್ತದೆ. ಎರಡನೇ ಫ್ರೀಜರ್ ಮಾತ್ರ ಇನ್ನೂ ಬಂದಿಲ್ಲ.