ಗುಡವಿಯ ಕೆರೆ, ಈ ಮಳೆಗಾಲ

ಸೊರಬ ತಾಲ್ಲೂಕಿನ ಗುಡವಿಯ ಕೆರೆಯನ್ನು ಈ ವಾರ ಮತ್ತೆ ನೋಡಿ ಬಂದೆ. ಒಂದು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ, ಮಳೆಯ ನೀರನ್ನೇ ನೆಚ್ಚಿಕೊಂಡಿರುವ ಈ ಕೆರೆ 1989ರಲ್ಲಿ ಪಕ್ಷಿಧಾಮವಾಯಿತು. ಕರಾವಳಿಯ ಹಿನ್ನೀರಿನ ಕೆರೆಗಳು ಮರಳದಿಣ್ಣೆಯ ಆಚೆ ಸಮುದ್ರವನ್ನಿಟ್ಟುಕೊಂಡು, ಉಬ್ಬರ ಇಳಿತಕ್ಕೆ ತಕ್ಕಂತೆ ಉಪ್ಪಾಗುತ್ತ ಸಿಹಿಯಾಗುತ್ತ ಬದುಕುತ್ತವೆ. ಗುಡವಿಗೆ ಅಂತಹ ಏರಿಳಿತವಿಲ್ಲ, ಆದರೆ ಮುಂಗಾರು ತಡವಾದರೆ ಇಲ್ಲಿ ಗೂಡು ಕಟ್ಟುವ ಹಕ್ಕಿಗಳ ಇಡೀ ಲೆಕ್ಕಾಚಾರವೇ ತಪ್ಪುತ್ತದೆ.

ಕಾರಣ ಸರಳವಾದುದು. ಕೆರೆಯೊಳಗೇ ಬೆಳೆದ ಮರಗಳ ಬುಡವನ್ನು ನೀರು ಸುತ್ತುವರಿದಾಗ ಗೂಡುಗಳಿಗೆ ನೆಲದ ಬೇಟೆಗಾರ ಪ್ರಾಣಿಗಳ ಕಾಟ ಕಡಿಮೆಯಾಗುತ್ತದೆ, ಮರಿಗಳಿಗೆ ಬೇಕಾದ ಮೀನು, ಕಪ್ಪೆ, ಹುಳುಗಳು ಕೆರೆಯಲ್ಲೂ ಸುತ್ತಲಿನ ಭತ್ತದ ಗದ್ದೆಗಳಲ್ಲೂ ಅದೇ ಕಾಲಕ್ಕೆ ಹೆಚ್ಚುತ್ತವೆ. ಬೋಳಾದ ಕಪ್ಪು ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕಿನ ಬಿಳಿ ಕೆಂಬರಲುಗಳದೇ ಇಲ್ಲಿ ದೊಡ್ಡ ಗದ್ದಲ. ನನಗಾದರೋ ಹಾವಕ್ಕಿಯೇ ಹೆಚ್ಚು ಇಷ್ಟ. ಅದರ ಗರಿಗಳು ನೀರನ್ನು ಹೀರಿಕೊಳ್ಳುವುದರಿಂದ ಮೈ ಭಾರವಾಗಿ ಮುಳುಗುವುದು ಸುಲಭ. ಮೀನನ್ನು ಚೂಪು ಕೊಕ್ಕಿನಿಂದ ತಿವಿದು ಹಿಡಿದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳಲೇಬೇಕು, ನಮ್ಮ ಆಷಾಢದ ಬಿಸಿಲನ್ನು ನಂಬಿ! ನೀರುಕಾಗೆಗಳ ಪಾಡೂ ಬಹುಮಟ್ಟಿಗೆ ಇದೇ.

ಹಕ್ಕಿಗಳ ಹಿಕ್ಕೆ ಬಿದ್ದ ಕೆರೆಯ ನೀರು ಗೊಬ್ಬರದ ಗುಣವನ್ನು ಪಡೆಯುತ್ತದೆ, ಅದು ಅತಿಯಾದರೆ ಪಾಚಿಯೂ ಕಳೆಯೂ ಹಬ್ಬುತ್ತವೆ. ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ ಹಕ್ಕಿಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವುದರಿಂದ, ಹರಿಯುವ ಹೊಳೆ ಅಲ್ಲಿ ಇದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ.