97 ಕಂಡು 100 ಬರೆದ ಮಕ್ಕಳು

ಇವತ್ತು ಲ್ಯಾಬಲ್ಲಿ ಬೀಕರಿನ ನೀರು ಕೊತಕೊತ ಕುದೀತಿತ್ತು, ಥರ್ಮಾಮೀಟರ್ ಮಾತ್ರ 97ರ ಹತ್ತಿರ ನಿಂತುಬಿಟ್ಟಿತ್ತು. ಮಕ್ಕಳೆಲ್ಲ ಬಗ್ಗಿ ಬಗ್ಗಿ ನೋಡಿದರು. ಆದರೆ ರೆಕಾರ್ಡ್‌ನಲ್ಲಿ ಬರೆದಿದ್ದು 100 ಡಿಗ್ರಿ!

"ಬುಕ್ಕಲ್ಲಿ ಹಂಗೇ ಇದೆಯಲ್ಲ ಮಿಸ್, ನಾವೇ ಸರಿಯಾಗಿ ನೋಡಿಲ್ವೇನೋ" ಅಂದಳು ಒಬ್ಬಳು. ಕರುಳು ಚುರ್ ಅಂತು. ಆ 100 ಸಮುದ್ರಮಟ್ಟದ ಲೆಕ್ಕ. ನಮ್ಮ ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 100 ಮುಟ್ಟೋ ಮೊದಲೇ ಕುದಿಯುತ್ತೆ. ಮಕ್ಕಳು ನೋಡಿದ್ದು ಸರಿಯಾಗೇ ಇತ್ತು. ಕಣ್ಣಾರೆ ಕಂಡಿದ್ದನ್ನ ಅಳಿಸಿ ಪುಸ್ತಕದ್ದನ್ನ ಬರೆದರೇನೇ ಮಾರ್ಕ್ಸು ಅನ್ನೋ ಭಯ ಈ ವಯಸ್ಸಿಗೇ ಎಷ್ಟು ಆಳಕ್ಕೆ ಇಳಿದಿದೆ!

ಉಳಿದ ಮೂರು ಡಿಗ್ರಿ ಎಲ್ಲಿ ಹೋಯ್ತು ಅಂತ ಕೇಳಿದೆ. ಗಲಾಟೆಯೋ ಗಲಾಟೆ. ಮುಂದಿನ ವಾರ ಮಂಗಳೂರಿನ ಗೆಳತಿಯ ಕ್ಲಾಸಿಗೆ ವಿಡಿಯೋ ಕಾಲ್ ಮಾಡಿ, ಅಲ್ಲೂ ನೀರು ಕಾಯಿಸಿ ನೋಡ್ತೀವಿ.