ಹೀಟ್ಸಿಗೂ ಫೈನಲ್‌ಗೂ ನಡುವಿನ 5 ಗಂಟೆ

ಹೋದ ವರ್ಷ ಜಿಲ್ಲಾ ಮಟ್ಟದ ಸ್ಪೋರ್ಟ್ಸಲ್ಲಿ ನನ್ ಮಗಳು 200 ಮೀಟರ್ ಓಡಿದ್ಲು. ಬೆಳಗ್ಗೆ 11ಕ್ಕೆ ಹೀಟ್ಸ್, ಅಂದ್ರೆ ಫೈನಲ್‌ಗೆ ಯಾರು ಅಂತ ಆರಿಸೋ ಮೊದಲ ಸುತ್ತು, ಸಂಜೆ 4ಕ್ಕೆ ಫೈನಲ್. ಹೀಟ್ಸಲ್ಲಿ ಎಲ್ರಿಗಿಂತ ಒಳ್ಳೆ ಟೈಮಿಂಗ್ ಬಂತು, ನಂಗೆ ಖುಷಿ ತಡಿಯಕ್ಕಾಗ್ದೆ ವಿಡಿಯೋನ ಫ್ಯಾಮಿಲಿ ಗ್ರೂಪಿಗೂ ಹಾಕ್ದೆ ಸ್ಟೇಟಸ್ಸಿಗೂ ಹಾಕ್ದೆ, ಶುರುವಾಯ್ತು ನೋಡಿ, ಗೋಲ್ಡ್ ಪಕ್ಕಾ, ನಮ್ಮನೆ ಚಿರತೆ, ಸಂಜೆ ಸ್ವೀಟ್ ತರ್ತೀವಿ ಅಂತ ಅವಳ ದೊಡ್ಡಪ್ಪ, ಚಿಕ್ಕಮ್ಮ, ಎಲ್ರೂ. ಇವಳು ಶಾಮಿಯಾನದ ಕೆಳಗೆ ಒಂದ್ ಕೈಲಿ ಚಿತ್ರಾನ್ನ ತಿಂತಾ ಇನ್ನೊಂದ್ ಕೈಲಿ ಎಲ್ರಿಗೂ ಥ್ಯಾಂಕ್ಯೂ ಟೈಪ್ ಮಾಡ್ತಾ ಕೂತಿದ್ಲು. ಫೈನಲಲ್ಲಿ 5ನೇ ಸ್ಥಾನ. ರಾತ್ರಿ ಬಸ್ಸಲ್ಲಿ "ಅಮ್ಮಾ, ಸ್ಟಾರ್ಟಿಂಗ್ ಬ್ಲಾಕಲ್ಲಿ ಕಾಲಿಟ್ಟಾಗ್ಲೂ ದೊಡ್ಡಪ್ಪ ಸ್ವೀಟ್ ತಂದಿರ್ತಾರೆ ಅನ್ನೋದೇ ತಲೇಲಿತ್ತು" ಅಂದ್ಲು.

ನಾನು ಅಲ್ಲೀವರೆಗೂ ರೀಲ್ಸು, ಗೇಮು ಅಂತ ಅವಳಿಗೇ ಬೈತಿದ್ದೆ. ಅವತ್ತು ಅವಳು ಒಂದು ರೀಲ್ಸೂ ನೋಡಿರ್ಲಿಲ್ಲ, ಅವಳ ತಲೆ ತುಂಬಿದ್ದು ನಾವು ಪ್ರೀತಿಯಿಂದ ಕಳಿಸಿದ ಮೆಸೇಜು.

ಆಮೇಲೆ ಆಸ್ಟ್ರೇಲಿಯಾದ ಈಜುಗಾರ್ತಿ ಎಮಿಲಿ ಸೀಬೋಮ್ ಕಥೆ ಓದ್ದೆ. 2012ರ ಲಂಡನ್ ಒಲಿಂಪಿಕ್ಸು, 100 ಮೀಟರ್ ಬ್ಯಾಕ್‌ಸ್ಟ್ರೋಕ್. ಹೀಟ್ಸಲ್ಲಿ 58.23 ಸೆಕೆಂಡು, ಒಲಿಂಪಿಕ್ ರೆಕಾರ್ಡು. ಫೈನಲಲ್ಲಿ ಅಮೆರಿಕದ ಮಿಸ್ಸಿ ಫ್ರಾಂಕ್ಲಿನ್ ಚಿನ್ನ ಗೆದ್ದಿದ್ದು 58.33ಕ್ಕೆ, ಅಂದ್ರೆ ಎಮಿಲಿ ತನ್ನ ಹೀಟ್ಸ್ ಟೈಮಿಂಗನ್ನೇ ಇನ್ನೊಂದ್ಸಲ ಮಾಡಿದ್ರೂ ಚಿನ್ನ ಅವಳದ್ದೇ, ಆದ್ರೆ ಮಾಡಿದ್ದು 58.68, ಬಂದಿದ್ದು ಬೆಳ್ಳಿ. ನೀನೇ ಗೆಲ್ಲೋದು ಅಂತ ಜನ ಟ್ವಿಟರ್, ಫೇಸ್‌ಬುಕ್ಕಲ್ಲಿ ಹೇಳ್ತಾನೇ ಇದ್ರು, ಈಜೋಕೆ ಮುಂಚೇನೇ ಗೆದ್ದಾಗಿದೆ ಅನ್ನಿಸ್ಬಿಟ್ಟಿತ್ತು ಅಂತ ಆಮೇಲೆ ಅವಳೇ ಹೇಳಿದ್ಲು. ಅದನ್ನ ಓದಿ ನಂಗೆ ಬಸ್ಸಲ್ಲಿ ಮಗಳು ಹೇಳಿದ ಮಾತೇ ಕೇಳಿಸ್ತು.

ನಮ್ಮ ಕೋಚುಗಳಿಗೆ ಇದು ಗೊತ್ತು. 2016ರ ರಿಯೋ ಒಲಿಂಪಿಕ್ಸಿಗೆ ಮುಂಚೆ ಬ್ಯಾಡ್ಮಿಂಟನ್ ಕೋಚ್ ಗೋಪಿಚಂದ್ 3 ತಿಂಗಳು ಸಿಂಧು ಕೈಗೆ ಫೋನ್ ಕೊಟ್ಟಿರ್ಲಿಲ್ಲ. 2024ರ ಪ್ಯಾರಿಸಲ್ಲಿ ನಮ್ ಪ್ರಕಾಶ್ ಪಡುಕೋಣೆ ಸರ್ ಲಕ್ಷ್ಯ ಸೇನ್ ಫೋನ್ ಇಸ್ಕೊಂಡು ಮ್ಯಾಚ್ ಮುಗಿಯೋವರ್ಗೂ ಕೊಡ್ಲಿಲ್ವಂತೆ, ಲಕ್ಷ್ಯನೇ ಪ್ರಧಾನಿ ಮುಂದೆ ಹೇಳಿದ್ದು. ಹಾಗಂತ ಫೋನ್ ಕಿತ್ಕೊಂಡ್ರೆ ಮೆಡಲ್ ಬರುತ್ತೆ ಅಂತಲ್ಲ, ಸೆಮಿಫೈನಲಲ್ಲಿ ಹಿಂದಿನ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದಿದ್ದ ಡೆನ್ಮಾರ್ಕಿನ ಆಕ್ಸೆಲ್ಸೆನ್ ಮೇಲೆ ಮೊದಲ್ನೇ ಗೇಮಲ್ಲಿ 20-17, ಎರಡನೇದ್ರಲ್ಲಿ 7-0 ಮುಂದಿದ್ದೂ ಲಕ್ಷ್ಯ ಸೋತ, ಎದುರಿಗಿದ್ದವ್ನು ಅಂಥವ್ನು. ಮತ್ತೆ ಫೋನೇ ಬೇಡ ಅನ್ನೋದನ್ನೂ ನಾನು ಒಪ್ಪಲ್ಲ, ಮಗಳ ಸ್ಟಾರ್ಟನ್ನ ಅವಳ ಕೋಚ್ ಸ್ಲೋ ಮೋಷನಲ್ಲಿ ತೋರಿಸಿ ತಿದ್ದೋದು ಫೋನಲ್ಲೇ, ಹಾಸ್ಟೆಲಲ್ಲಿರೋ ಮಕ್ಕಳು ರಾತ್ರಿ ಅಮ್ಮನ ಧ್ವನಿ ಕೇಳಿ ಮಲಗೋದೂ ಫೋನಿಂದಾನೇ. ಅಥ್ಲೆಟಿಕ್ಸಲ್ಲಿ ಸ್ಪರ್ಧೆ ಜಾಗಕ್ಕೆ ಫೋನ್ ಒಯ್ಯಂಗಿಲ್ಲ ಅನ್ನೋ ರೂಲ್ ಇದ್ದೇ ಇದೆ, ಆದ್ರೆ ಅದಕ್ಕೂ ಮುಂಚೆ ಶಾಮಿಯಾನದ ಕೆಳಗೆ ಕೂರೋ ಆ 5 ಗಂಟೆಗೆ ಯಾವ ರೂಲೂ ಇಲ್ಲ, ಅದು ನಮ್ ಕೈಲೇ ಇರೋದು.

ಈ ವರ್ಷದ ಸ್ಪೋರ್ಟ್ಸಿಗೆ ಹೋಗೋ ಹಿಂದಿನ ರಾತ್ರೀನೇ ಗ್ರೂಪಲ್ಲಿ ಬರ್ದೆ, ನಾಳೆ ಸಂಜೆವರ್ಗೂ ಯಾರೂ ಏನೂ ಕಳಿಸ್ಬೇಡಿ, ಆಲ್ ದ ಬೆಸ್ಟೂ ಬೇಡ ಅಂತ. ಅವಳ ದೊಡ್ಡಪ್ಪಂಗೆ ಸ್ವಲ್ಪ ಬೇಜಾರಾಯ್ತು. ಅವಳ ಫೋನ್ ಜೊತೆಗೆ ನಂದೂ ಆಫ್ ಮಾಡಿ ಬ್ಯಾಗಿಗೆ ಹಾಕ್ದೆ, ನಂದು ಆನ್ ಇದ್ರೆ ನನ್ ಮುಖ ನೋಡೇ ಅವಳಿಗೆ ಎಲ್ಲಾ ಗೊತ್ತಾಗ್ಬಿಡುತ್ತೆ. ಮೊದಲ ಅರ್ಧ ಗಂಟೆ ಏನ್ ಮಾಡೋದು ಅಂತ ಗೊತ್ತಾಗ್ದೆ ಶೂ ಲೇಸ್ ಬಿಚ್ಚಿ ಕಟ್ಟಿ ಮಾಡ್ತಿದ್ಲು, ಆಮೇಲೆ ಪಕ್ಕದ ತಾಲ್ಲೂಕಿನ ಹುಡುಗೀರ ಜೊತೆ ಮಾತಿಗೆ ಕೂತ್ಲು, ಆಮೇಲೆ ನನ್ ತೊಡೆ ಮೇಲೆ ತಲೆ ಇಟ್ಟು ನಿದ್ದೆನೇ ಹೋದ್ಲು.

3ನೇ ಸ್ಥಾನ. ಓಡಿ ಬಂದವಳು ಉಸಿರು ಬಿಡ್ತಾನೇ ಫೋನ್ ಕೊಡಮ್ಮ ಅಂದ್ಲು, ಮೊದಲು ಮಾಡಿದ್ದು ದೊಡ್ಡಪ್ಪಂಗೆ.